ನಿಮ್ಮಮ್ಮ ಬಿಟ್ಟುಕೊಟ್ಟ ಜಾಗ

ಆಗಿನ ನಮ್ಮ ಪಕ್ಕದ ಮನೆ ಅಕ್ಕನಿಗೆ,

ದೋಣಿ ನಡೆಸುತ್ತಿದ್ದ ನಮ್ಮಪ್ಪ ಹೋದ ವಾರ ತೀರಿಕೊಂಡರು. ಹೊಳೆದಂಡೆಯ ರಬ್ಬರ್ ತೋಟವೂ ನಮ್ಮ ಸಾಲುಮನೆಗಳೂ ಪ್ರವಾಹಕ್ಕೆ ಕೊಚ್ಚಿಹೋದ ದಿನ, ನಿಮ್ಮಮ್ಮ ಪಾತ್ರೆಪಗಡೆಯ ಆಸೆಗೆ ಹಿಂದೆ ಉಳಿದರೆಂದು ಎಲ್ಲರೂ ಆಡಿಕೊಂಡರಲ್ಲ, ಅದು ಸುಳ್ಳು. ಸಾಯುವ ಮುಂಚೆ ಅಪ್ಪನೇ ಬಾಯಿಬಿಟ್ಟರು.

ದೋಣಿಯ ಕೊನೆಯ ಜಾಗದಲ್ಲಿ ನಿಮ್ಮಮ್ಮ ಕೂತಾಗಿತ್ತಂತೆ. ಗಲಾಟೆಯಲ್ಲಿ ಹಿಂದುಳಿದು ಅಳುತ್ತಿದ್ದ ಆರು ವರ್ಷದ ನನ್ನನ್ನು ಕಂಡು ಇಳಿದುಬಿಟ್ಟರಂತೆ. "ಮೊದಲು ಮಗೂನ ದಾಟಿಸಣ್ಣ, ನಾನು ಆಮೇಲೆ ಬರ್ತೀನಿ" ಅಂದರಂತೆ. ಅಪ್ಪ ಮರಳುವಷ್ಟರಲ್ಲಿ ದಂಡೆಯೇ ಇರಲಿಲ್ಲ. ಇದನ್ನು ನಿಮಗೆ ಹೇಳಲು ಅವರಿಗೆ ಇಷ್ಟು ವರ್ಷ ನಾಲಿಗೆ ಏಳಲಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಬಾಗಿಲು ತೆಗೆಯಬೇಡಿ, ಅಕ್ಕ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಹೊರಡುತ್ತೇನೆ.

ಇಂತಿ,
ದೋಣಿಯವನ ಮಗಳು