ಪಟ್ಟಿಗೆ ಸೇರದ ಹೊನಗೊನ್ನೆ

ಹುಣಸೇಕುಂಟೆ
ಕ್ರಿ.ಶ. ೨೨೧೪, ಫೆಬ್ರವರಿ ಮೂವತ್ತು

ಅಕ್ಕಯಮ್ಮಜ್ಜಿಗೆ, ನಿನ್ನ ಮರಿಮಗಳ ಮರಿಮಗಳು ಗಂಗರತ್ನ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸು.

ಊರಿನಲ್ಲಿ ಈಗ ಒಲೆಗಳಿಲ್ಲ. ಬೆಳಿಗ್ಗೆ ಬಾಗಿಲಿಗೆ ಪಟ್ಟಿಯೂಟ ಬರುತ್ತದೆ. ನಿಮ್ಮ ಕಾಲದಲ್ಲಿ ಮನೆಮನೆಗೆ ಬಂದು, ಯಾರು ಏನು ತಿನ್ನುತ್ತಾರೆಂದು ಕೇಳಿ ಬರೆದುಕೊಂಡರಲ್ಲ, ಆ ಪಟ್ಟಿಯಂತೆ ಯಂತ್ರ ಒತ್ತಿಕೊಡುವ ಬಿಲ್ಲೆಗಳವು. ಅನ್ನದ್ದು ಬಿಳಿ, ಬೇಳೆಯದ್ದು ಹಳದಿ. ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ಕಳೆಯೆಂದು ಬೇಲಿ ಸಮೇತ ಸುಟ್ಟರು. ನನ್ನ ಮಗಳು ಇಂಪನಾಳಿಗೆ ಒಂಬತ್ತು ವರ್ಷ. ಮೊದಲು ಹೊತ್ತಿಳಿದರೆ ಗೋಡೆ ತಡವಿಕೊಂಡು ನಡೆಯುತ್ತಿದ್ದಳು; ಈಗ ಹಗಲಲ್ಲೂ ನನ್ನ ಮುಖವನ್ನು ಕೈಯಿಂದ ಮುಟ್ಟಿ ನೋಡುತ್ತಾಳೆ. ಕಣ್ಣಿಗೆಂದು ಈ ಸೀಮೆಯವರು ಹೊನಗೊನ್ನೆ ಸೊಪ್ಪು ತಿನ್ನುತ್ತಿದ್ದರಂತೆ ಎಂದರು ವೈದ್ಯೆ. ಹುಣಸೇಕುಂಟೆಯ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ನಂಬದೆ, ಪಟ್ಟಿ ಬರೆದ ದಿನ ಯಂತ್ರದಲ್ಲಿ ಹಿಡಿದಿಟ್ಟ ನಿನ್ನ ಧ್ವನಿಯನ್ನೇ ಹುಡುಕಿ ಕೇಳಿದೆ. ಪಟ್ಟಿ ಬರೆಯಲು ಬಂದ ಹುಡುಗಿ ಜಗಲಿಯಲ್ಲಿ ಕೂತು ಪ್ರಶ್ನೆ ಕೇಳುತ್ತಾಳೆ. ನೀನು, "ನಮ್ಮನೇಲಿ ದಿನಾ ಅನ್ನ, ಬೇಳೆಸಾರೇ ಕಣಮ್ಮ. ಸೊಪ್ಪುಗಿಪ್ಪು ಬಡವರು ತಿನ್ನೋದು," ಅನ್ನುತ್ತೀಯ. ಆಕೆ ನೀರಿಗೆಂದು ನಲ್ಲಿಯ ಕಡೆ ಎದ್ದು ಹೋದಾಗಲೂ ಧ್ವನಿ ಹಿಡಿಯುವ ಆ ಯಂತ್ರ ಓಡುತ್ತಲೇ ಇತ್ತು. ಸೊಸೆಯನ್ನು ಗದರುತ್ತೀಯ: "ಮುಚ್ಚೇ ಆ ಪಾತ್ರೆ, ವಾಸ್ನೆ ಹೊರಗ್ ಬರ್ತದೆ! ಬೇಲಿ ಸೊಪ್ಪು ಬೇಯಿಸ್ತಾವ್ರೆ ಅಂದ್ರೆ ಮಾನ ಉಳೀತದಾ?"

ಅಯ್ಯೋ ಅಜ್ಜಿ, ಹಾಳಾದ ಮಾನ! ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡಿ ನಕ್ಕವರೇ ನೀವಲ್ಲವೇ? ಸಿಟ್ಟಿಗೆ ಮೂರು ದಿನ ನಿನ್ನ ಧ್ವನಿ ಕೇಳಲಿಲ್ಲ. ಆಮೇಲೆ ಮತ್ತೆ ಕೇಳಿ ಅತ್ತುಬಿಟ್ಟೆ. ಆ ಹುಡುಗಿಯೂ ಹೊಸ್ತಿಲು ದಾಟಲಿಲ್ಲ. ಒಲೆಯ ಮೇಲೇನಿದೆ, ನನಗೂ ಒಂದು ತುತ್ತು ಹಾಕಜ್ಜಿ ಎಂದಿದ್ದರೆ ನೀನು ಇಲ್ಲವೆನ್ನುತ್ತಿದ್ದೆಯಾ? ಪ್ರಶ್ನೆಗಳನ್ನು ಎಲ್ಲೋ ಕೂತು ಬರೆದಿದ್ದರು. ಅಡುಗೆ ಮಾಡುವ ನಿನ್ನನ್ನು ಯಾರೂ ಜೊತೆಗೆ ಕೂರಿಸಿಕೊಳ್ಳಲಿಲ್ಲ.

ಈ ಕಾಗದ ನಿನ್ನ ಕೈ ಸೇರುವುದಿಲ್ಲವೆಂದು ಬಲ್ಲೆ. ಹೇಗಾದರೂ ಸೇರಿದರೆ, ಆ ಹುಡುಗಿಯನ್ನು ಒಳಕ್ಕೆ ಕರಿ. ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ ಕೊಡು. ಕೈಹಿಡಿದು ಬೇಲಿಯ ಹತ್ತಿರ ಕರೆದೊಯ್ದು ಒಂದೊಂದರ ಹೆಸರೂ ಬರೆಸು. ನಾಚಿಕೊಳ್ಳಬೇಡ, ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನೆ ಇಂಪನ, "ಅಮ್ಮ, ಹೊನಗೊನ್ನೆ ಎಲೆ ಹೆಂಗಿರ್ತದೆ?" ಅಂತ ಕೇಳಿದಳು. ನಾನೂ ನೋಡಿಲ್ಲ ಕಂದ ಎಂದೆ.

"ಎಲ್ಲಾನ ಸಿಕ್ಕಿದ್ರೆ ನೀನು ನೋಡ್ಬಿಟ್ಟು ನಂಗೆ ಹೇಳು," ಎಂದಳು.