ಅತ್ತೆಯ ಕೋಣೆಗೆ ಬೆಟ್ಟದ ಹಳದಿ

ಹೊಸ ತೋಷ್ಕಾ, ಕೋಮ್ ಒಂಬೊ ಹತ್ತಿರ
ಫೆಬ್ರವರಿ ೧೯೬೫, ಹಬ್ಬ ಕಳೆದ ವಾರ

ಬತೂಲಳ ಅಪ್ಪನಿಗೆ ನಿಮ್ಮ ನಬ್ರಾಳ ಸಲಾಮು.

ಹೇಗಿದ್ದೀರಿ? ಅಲೆಕ್ಸಾಂಡ್ರಿಯಾದ ಸಮುದ್ರದ ಗಾಳಿಗೆ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೆ? ಒಲೆಯ ಮುಂದೆ ಬೆವತುಕೊಂಡು ಹಾಗೇ ಹಿಂಬಾಗಿಲಿಗೆ ಹೋಗಿ ತಣ್ಣನೆ ಗಾಳಿಗೆ ಎದೆಯೊಡ್ಡುವ ಚಟ ನಿಮಗೆ. ನಾನು ಅಲ್ಲಿದ್ದಿದ್ದರೆ ಕಂಬಳಿ ಹಿಡಿದುಕೊಂಡು ಹಿಂದೆಯೇ ಓಡಿ ಬರುತ್ತಿದ್ದೆ. ಹಬ್ಬದ ದಿನ ಆ ದೊಡ್ಡ ಮನೆಯವರಿಗೆಲ್ಲ ಬಗೆಬಗೆಯಾಗಿ ಬೇಯಿಸಿ ಹಾಕಿರುತ್ತೀರಿ. ನೀವು ಏನು ತಿಂದಿರಿ, ಯಾರ ಜೊತೆ ಕೂತು ತಿಂದಿರಿ ಅಂತ ನಾನಿಲ್ಲಿ ಯೋಚಿಸುತ್ತಿದ್ದೆ. ಬತೂಲಳಿಗೆ ಮುಂದಿನ ಹಲ್ಲು ಬಿದ್ದಿದೆ. ನಗುವಾಗ ಅಂಗೈ ಅಡ್ಡ ಹಿಡಿಯುತ್ತಾಳೆ, ಆಮೇಲೆ ಮರೆತು ಇನ್ನೂ ಜೋರಾಗಿ ನಗುತ್ತಾಳೆ. ನೀವು ಕಳಿಸಿದ ಹೂವಿನ ಬಟ್ಟೆಯಲ್ಲಿ ಅವಳಿಗೊಂದು ಲಂಗ ಹೊಲಿದೆ. ಮಿಕ್ಕ ಚೂರನ್ನು ದಿಂಬಿಗೆ ಹಾಕಿದ್ದೇನೆ.

ಪ್ರತಿ ಕಾಗದದಲ್ಲೂ ನೀವು ಕೇಳುತ್ತಿದ್ದಿರಿ, ಅಮ್ಮ ನನಗೆ ಅಂತ ಒಂದು ಮಾತಾದರೂ ಹೇಳಿ ಬರೆಸಬಾರದೇ ಎಂದು. ಸಂಬಳಕ್ಕೆ ದೂರದಲ್ಲಿ ನಿಂತವರಿಗೆ ಅರ್ಧ ಸಂಗತಿ ಹೇಳಿ ಹೆದರಿಸುವುದು ಬೇಡ ಅಂತ ನಾನು ಕಾದೆ. ಈಗ ಪೂರ್ತಿ ಹೇಳಬಹುದು. ಕೂತು ಸಮಾಧಾನವಾಗಿ ಓದಿ.

ಅಣೆಕಟ್ಟಿಗೆಂದು ಊರು ಬಿಡಿಸಿ ನಮ್ಮನ್ನು ಇಲ್ಲಿಗೆ ತಂದು ಇಳಿಸಿದ ದಿನದಿಂದಲೇ ಅತ್ತೆ ಮಾತು ಕಡಿಮೆ ಮಾಡಿದ್ದರು. ಈ ಊರನ್ನು ನೀವಿನ್ನೂ ನೋಡಿಲ್ಲ. ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿವೆ. ಗೋಡೆ ಬೂದಿ, ಬಾಗಿಲು ಬೂದಿ, ಬೀದಿಯ ಧೂಳೂ ಅದೇ ಬೂದಿ. ಕಬ್ಬಿನ ಗದ್ದೆಯಾಚೆ ಎಲ್ಲೋ ನದಿ ಇದೆಯಂತೆ. ನಮ್ಮ ಮನೆಬಾಗಿಲಿಂದ ಅದು ಕಾಣುವುದಿಲ್ಲ. ಬಂದ ಹೊಸದರಲ್ಲಿ ಒಂದು ದಿನ ಅತ್ತೆ ಬೇಲಿಯ ಹತ್ತಿರ ಹೋಗಿದ್ದವರು ತಿರುಗಿ ಬರುವಾಗ ನಮ್ಮದೇ ಅಂದುಕೊಂಡು ಸಕೀನಾಳ ಮನೆಗೆ ಹೊಕ್ಕು, ಅಲ್ಲಿನ ಮಂಚದ ಮೇಲೆ ಮಲಗಿ ನಿದ್ದೆಯೇ ಮಾಡಿಬಿಟ್ಟರು. ಸಕೀನಾ ಗೊತ್ತಲ್ಲ, ನಿಮ್ಮ ಅತ್ತಿಗೆಯ ತಂಗಿ, ಬಾಯಿಗೆ ಬೀಗವಿಲ್ಲದವಳು. ಈಗ ನಮ್ಮ ಪಕ್ಕದ ಮನೆ. ಅವಳು ಚಹಾ ಮಾಡಿಕೊಟ್ಟು, "ಇಲ್ಲೇ ಇದ್ದುಬಿಡಿ ದೊಡ್ಡಮ್ಮಾ, ನಿಮ್ಮ ಸೊಸೆಗಿಂತ ನನ್ನ ಕೈಯಡುಗೆ ರುಚಿ" ಅಂತ ನಗಿಸಿದಳು. ಅತ್ತೆಯೂ ನಕ್ಕರು. ಆದರೆ ಮನೆಗೆ ಬಂದು ನನ್ನ ಕೈ ಹಿಡಿದು, "ನಬ್ರಾ, ಈ ಊರಿಗೆ ಮುಖಾನೇ ಇಲ್ಲ ಕಣೆ. ಮುಖ ಇಲ್ದೋರನ್ನ ಹೇಗೆ ಗುರುತು ಹಿಡೀಲಿ?" ಅಂದರು. ಅವತ್ತಿನಿಂದ ಹೊಸಿಲು ದಾಟಲಿಲ್ಲ.

ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಬೆಂಡೆಕಾಯಿ ಸಾರಿನಲ್ಲಿ ರೊಟ್ಟಿ ನೆನೆಸಿ ಕೊಟ್ಟರೆ ಎರಡು ತುತ್ತು ತಿಂದು ತಟ್ಟೆ ಪಕ್ಕಕ್ಕೆ ಸರಿಸುವರು. ಡಾಕ್ಟರು ಬಂದು ನೋಡಿ, ಕಾಯಿಲೆ ಏನಿಲ್ಲ, ವಯಸ್ಸು ಅಂದರು. ಒಂದು ಬಾಟಲಿ ಟಾನಿಕ್ ಕೊಟ್ಟರು. ನಿಜ ಹೇಳಲಾ? ಆ ಬೂದಿ ನನ್ನೊಳಗೂ ಇಳಿಯತೊಡಗಿತ್ತು. ಬೆಳಗ್ಗೆ ಕಣ್ಣು ಬಿಟ್ಟರೆ ಗೋಡೆ, ಮುಚ್ಚಿದರೂ ಗೋಡೆ. ಎದ್ದು ಒಲೆ ಹಚ್ಚಬೇಕಲ್ಲ ಅನ್ನುವುದೇ ಬೆಟ್ಟ ಹತ್ತಿದಷ್ಟು ದಣಿವು. ಬೀದಿಯ ಹೆಂಗಸರೆಲ್ಲ ಹಾಗೇ ಇದ್ದರು, ಅರ್ಧ ನಿದ್ದೆಯಲ್ಲಿ ನಡೆದಾಡುವವರ ಥರ. ನನಗೆ ಹಗಲಲ್ಲೇ ಹಳೆಯ ಮನೆ ಕಾಣುತ್ತಿತ್ತು. ಅಂಗಳದ ಗೋಡೆಯ ಮೇಲೆ ಅತ್ತೆ ಬರೆದ ಚಂದ್ರ, ಮೊಸಳೆ, ಬಾಗಿಲ ಮೇಲೆ ಕೂರಿಸಿದ ಪಿಂಗಾಣಿ ತಟ್ಟೆಗಳು, ಎಲ್ಲ ಈಗ ಅಣೆಕಟ್ಟಿನ ನೀರಿನಡಿ. ಮೀನುಗಳು ಆ ಚಂದ್ರನ ಸುತ್ತ ನಿಧಾನವಾಗಿ ತಿರುಗುತ್ತಿರಬಹುದು. ನಮ್ಮ ಜಗುಲಿಯ ಮೇಲೆ ಒಂದು ಮೀನು ಕೂತು ದಣಿವಾರಿಸಿಕೊಳ್ಳುತ್ತಿರಬಹುದು. ಹೀಗೆ ಯೋಚಿಸುತ್ತ ನಿಂತು ರೊಟ್ಟಿ ಸೀಯಿಸುತ್ತಿದ್ದೆ.

ಚಳಿಗಾಲದ ಶುರುವಿನಲ್ಲಿ ಸಂತೆಯಿಂದ ಕಿತ್ತಳೆ ತಂದು ತಟ್ಟೆಯಲ್ಲಿಟ್ಟು ಅತ್ತೆಯ ಕಿಟಕಿಯಲ್ಲಿ ಇಟ್ಟೆ. ಅವರು ತಿನ್ನಲಿಲ್ಲ. ಆದರೆ ಬಿಸಿಲು ಸರಿದ ಹಾಗೆ ತಟ್ಟೆಯನ್ನೂ ಸರಿಸುತ್ತಿದ್ದರು, ಹಣ್ಣಿನ ಮೇಲೆ ಬಿಸಿಲು ಬೀಳುವಂತೆ. ಗೋಡೆ ಬಿಟ್ಟು ಅದನ್ನೇ ನೋಡುತ್ತ ಕೂರುವರು. ಹಣ್ಣು ಕೊಳೆತಾಗ ನಾನು ತೆಗೆದು ಎಸೆದೆ. ಅತ್ತೆ ಮಗುವಿನ ಹಾಗೆ ಅತ್ತುಬಿಟ್ಟರು. ಆಗ ನನಗೆ ಹೊಳೆಯಿತು, ಇವರ ಹಸಿವು ಹೊಟ್ಟೆಯದ್ದಲ್ಲ, ಕಣ್ಣಿನದು ಅಂತ.

ರಂಜಾನ್ ಶುರುವಾಗುವ ಮೊದಲು ಮನೆಗೆ ಬಣ್ಣ ಬಳಿಯುವುದು ಅಲ್ಲಿ ನಮ್ಮ ಪದ್ಧತಿ ತಾನೆ? ಇಲ್ಲಿ ಯಾರೂ ಅದರ ಮಾತೆತ್ತಿರಲಿಲ್ಲ. ನಾನು ಎತ್ತಿದೆ. ಅಂಗಡಿಯಲ್ಲಿ ಸುಣ್ಣ ಸಿಕ್ಕಿತು, ಬಟ್ಟೆಗೆ ಹಾಕುವ ನೀಲಿ ಸಿಕ್ಕಿತು. ನೀಲಿ ಕಣ್ಣಿಗೆ ತಂಪು, ಮನಸ್ಸು ಹಗುರಾಗುತ್ತದೆ, ಅತ್ತೆಗೆ ನದಿ ನೋಡಿದ ಹಾಗಾಗುತ್ತದೆ ಅಂತೆಲ್ಲ ನನ್ನಷ್ಟಕ್ಕೆ ಕನಸು ಕಟ್ಟಿದೆ. ಅವರು ಮಧ್ಯಾಹ್ನ ಹಜಾರದಲ್ಲಿ ಮಲಗಿದ್ದಾಗ ನಾನೂ ಸಕೀನಾಳೂ ಸೇರಿ ಅವರ ಕೋಣೆಯ ನಾಲ್ಕು ಗೋಡೆಗೂ ನೀಲಿ ಬಳಿದೆವು. ನನ್ನ ಕೈ, ಮೂಗು, ಸಕೀನಾಳ ಒಂದು ಹುಬ್ಬು, ಎಲ್ಲ ನೀಲಿ. ಒಣಗಿದ ಮೇಲೆ ಎಷ್ಟು ಚೆನ್ನಾಗಿತ್ತು ಗೊತ್ತೆ? ಒಳಗೆ ನಿಂತರೆ ಉಸಿರು ತಾನಾಗಿ ನಿಧಾನವಾಗುತ್ತಿತ್ತು. ಮರುದಿನ ಅವರ ಮಂಚ ಒಳಗೆ ಹಾಕಿ, ಊಟದ ಮೇಲೆ ಮೆಲ್ಲಗೆ ಕೈ ಹಿಡಿದು ತಂದು ಮಲಗಿಸಿದೆ. ನಿದ್ದೆಗಣ್ಣಲ್ಲಿದ್ದರು, ಗೋಡೆ ಗಮನಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಕಿರುಚಿದ್ದು ಕೇಳಿತು. ಓಡಿಹೋದರೆ ಅತ್ತೆ ಮಂಚದ ಮೇಲೆ ಎದ್ದು ನಿಂತು, ಲಂಗವನ್ನು ಮೊಣಕಾಲಿನ ತನಕ ಎತ್ತಿ ಹಿಡಿದಿದ್ದಾರೆ. "ನೀರು ಬಂತು! ಒಳಗೇ ಬಂತಲ್ಲೇ! ಮಗೂನ ಎತ್ಕೊ, ಮಗೂನ ಎತ್ಕೊ!" ಅಂತ ಕೂಗುತ್ತಿದ್ದಾರೆ. ಬತೂಲ್ ಹೆದರಿ ನನ್ನ ಸೆರಗಿಗೆ ಮುಖ ಮುಚ್ಚಿಕೊಂಡಳು. ನಾನು ಅತ್ತೆಯನ್ನು ಎತ್ತಿ, ಹೌದು, ಎತ್ತಿಕೊಂಡೇ, ಹೊರಗೆ ತಂದೆ. ಎಷ್ಟು ಹಗುರಾಗಿದ್ದರು ಅಂತ ಬರೆಯಲು ಕೈ ಬರುವುದಿಲ್ಲ. ಅಂಗಳದ ಒಣ ನೆಲ ಮುಟ್ಟಿಸಿ, "ನೋಡಿ ಅತ್ತೆ, ಧೂಳು, ಬರೀ ಧೂಳು" ಅಂದೆ. ಧೂಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತರು. ಆಮೇಲೆ ತಾವಾಗಿಯೇ ಕೇಳಿದರು, "ಅದನ್ನ ಬಳಿದೋಳು ನೀನೇನಾ?" ಹೌದು ಅಂದೆ. "ಒಳ್ಳೇ ಮನಸ್ಸಿಂದಾನೇ ಬಳಿದಿರ್ತೀಯ. ಆದ್ರೆ ನೀಲಿ ಒಳಗೆ ಬರಬಾರ್ದು ಕಣಮ್ಮ. ನೀಲಿ ಆಕಾಶದಲ್ಲಿರಲಿ, ನದೀಲಿರಲಿ. ಮಲಗೋ ಜಾಗ ಒಣಗಿರ್ಬೇಕು, ಬೆಚ್ಚಗಿರ್ಬೇಕು. ಬೆಟ್ಟದ ಹಳದಿ ಬೇಕು." ಬಂದ ಮೇಲೆ ಅವರು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಬೆಟ್ಟದ ಹಳದಿ ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ನಮ್ಮೂರಿನ ಹಿಂದಿದ್ದ ಬೆಟ್ಟದ ಸೀಳಿನಲ್ಲಿ ಮಡಕೆಗಟ್ಟಲೆ ಸಿಗುತ್ತಿತ್ತು, ಆ ದಾರಿಯೇ ಈಗ ನೀರಿನಲ್ಲಿದೆ. ಕಬ್ಬಿನ ಗದ್ದೆ ಮುಗಿದು ಮರಳುಗಾಡು ಶುರುವಾಗುವ ಕಡೆ ಹಳದಿ ಮಣ್ಣಿದೆ ಅಂತ ಗಾಡಿಯವನೊಬ್ಬ ಹೇಳಿದ. ನಾನೂ ಸಕೀನಾಳೂ ಹೊರಟಾಗ ಅತ್ತೆ ಕರಿ ಹೊದಿಕೆ ಹೊದ್ದು ಬಾಗಿಲಲ್ಲಿ ನಿಂತಿದ್ದರು. "ನೀವಿಬ್ರು ತರೋದು ಮಣ್ಣು. ಬಣ್ಣ ತರೋಕೆ ನಾನು ಬರ್ಬೇಕು." ಸಕೀನಾ ಸುಮ್ಮನಿರುತ್ತಾಳೆಯೇ? "ಬನ್ನಿ ದೊಡ್ಡಮ್ಮಾ, ಕತ್ತೆಗೂ ಬುದ್ಧಿ ಹೇಳೋರು ಒಬ್ರು ಬೇಕಿತ್ತು" ಅಂದಳು.

ಆ ಬೆಳಗು ನನಗೆ ಈಗಲೂ ಕನಸಲ್ಲಿ ಕಂಡ ಹಾಗೇ ಇದೆ. ಎರಡೂ ಕಡೆ ಕಬ್ಬು, ಗಾಳಿಯಲ್ಲಿ ಬೆಲ್ಲದ ವಾಸನೆ, ಕತ್ತೆಗಾಡಿ ತೊಟ್ಟಿಲಿನಂತೆ ತೂಗುತ್ತಿತ್ತು. ಇದ್ದಕ್ಕಿದ್ದಂತೆ ಹಸಿರು ಮುಗಿಯಿತು. ಮುಂದೆ ಮರಳು, ತಗ್ಗಾದ ದಿಣ್ಣೆಗಳು, ಮೇಲೆ ಎಳೆ ಬಿಸಿಲು. ಅತ್ತೆ ಗಾಡಿಯಿಂದ ಇಳಿದು, ಚಪ್ಪಲಿ ಬಿಟ್ಟು, ಯಾರ ಕೈಯನ್ನೂ ಹಿಡಿಯದೆ ನಡೆದರು. ದಿಣ್ಣೆಯ ಬುಡದಲ್ಲಿ ಕೂತು ಮಣ್ಣು ಕೆದಕಿ, ಉಗುಳು ಹಚ್ಚಿ ಅಂಗೈಗೆ ಉಜ್ಜಿ, ಬೇಡ ಅಂತ ಕೊಡವಿದರು. ಇನ್ನೊಂದು ಕಡೆ ಕೆದಕಿದರು. ಹೀಗೆ ಹೋಗುತ್ತ ಹೋಗುತ್ತ ದೂರದಲ್ಲಿ ಹೊಗೆಯ ಎಳೆಯಂತೆ ಸಣ್ಣಗೆ ಕಂಡರು. ಕೊನೆಗೆ ಅಲ್ಲಿಂದಲೇ ಕೈ ಎತ್ತಿ ತೋರಿಸಿದರು. ಅಂಗೈ ತುಂಬ ಹಳದಿ, ಮಾಗಿದ ಖರ್ಜೂರ ಕಪ್ಪಾಗುವ ಮೊದಲು ಇರುತ್ತದಲ್ಲ, ಅಂಥ ಹಳದಿ.

ಚೀಲ ತುಂಬುವಾಗ ಅತ್ತೆ ಒಂದು ಮಾತು ಹೇಳಿದರು, ನಿಮಗೂ ಗೊತ್ತಿರಲಾರದು. ಊರು ಬಿಡುವ ವಾರ ಅವರು ಹಳೆಯ ಮನೆಗೆ ಹೊಸದಾಗಿ ಬಣ್ಣ ಬಳಿದಿದ್ದರಂತೆ. ನಾನು ಆಗ ತವರಿನವರ ಗಂಟು ಕಟ್ಟಲು ಹೋಗಿದ್ದೆ. "ಮುಳುಗೋ ಮನೆಗೆ ಯಾಕಮ್ಮ ಬಣ್ಣ ಅಂತ ಎಲ್ರೂ ನಕ್ಕರು. ಸತ್ತೋರಿಗೆ ಸ್ನಾನ ಮಾಡ್ಸಿ ಒಳ್ಳೇ ಬಟ್ಟೆ ಹಾಕ್ಸಿ ಕಳಿಸಲ್ವಾ? ಹಾಗೇ ಕಳಿಸ್ದೆ. ಕೈಲಿದ್ದ ಬಣ್ಣವೆಲ್ಲ ಅಲ್ಲೇ ಮುಗೀತು ನಬ್ರಾ. ಇಲ್ಲಿಗೆ ತರೋಕೆ ಏನೂ ಉಳೀಲಿಲ್ಲ." ಸಕೀನಾ ಎದ್ದು ಹೋಗಿ ಗಾಡಿಯಿಂದ ಇನ್ನೊಂದು ಚೀಲ ತಂದಳು. ಮೂವರೂ ಸೇರಿ ಅದನ್ನೂ ತುಂಬಿದೆವು. ಕತ್ತೆ ತುಂಬಿದ ಚೀಲದ ಬಾಯಿ ನೆಕ್ಕುತ್ತಿತ್ತು.

ಮಣ್ಣು ಜರಡಿ ಹಿಡಿದು, ಗೋಂದು ಬೆರೆಸಿ, ಖರ್ಜೂರದ ಗರಿಯ ದಿಂಡು ಜಜ್ಜಿ ಕುಂಚ ಮಾಡಿ ಕೋಣೆಗೆ ಬಳಿದೆವು. ಅತ್ತೆ ಕೈಗೆಟುಕುವಷ್ಟು ಕೆಳಗೆ, ನಾನು ಮೇಲೆ. ಅರ್ಧದಲ್ಲಿ ವಸತಿ ಕಚೇರಿಯ ಸಾಹೇಬರು ಬಂದರು, ಉತ್ತರದ ಕಡೆಯವರು, ಇನ್ನೂ ಹುಡುಗು ಮುಖ. "ಇದು ಸರ್ಕಾರದ ಗೋಡೆ. ಕೇಳದೆ ಬಣ್ಣ ಬಳಿಯೋ ಹಾಗಿಲ್ಲ" ಅಂದರು. ಸಕೀನಾ ಸೊಂಟಕ್ಕೆ ಕೈಯಿಟ್ಟು, "ಗೋಡೆ ನಿಮ್ದೇ ಸ್ವಾಮಿ, ಯಾರು ಇಲ್ಲ ಅಂದ್ರು? ದಿನಾ ನೋಡೋ ಕಣ್ಣು ನಮ್ದಲ್ವಾ? ಅದನ್ನೂ ಬರೆಸ್ಕೊಂಡಿದ್ದೀರಾ?" ಅಂದಳು. ಅತ್ತೆ ಅವಳನ್ನು ಗದರಿ, ಸಾಹೇಬರನ್ನು ಆ ಹಳದಿ ಕೋಣೆಯಲ್ಲೇ ಕೂರಿಸಿ ಚಹಾ ಕೊಡಿಸಿದರು. "ನಿಮ್ಮಮ್ಮನ ಮನೆ ಯಾವ ಬಣ್ಣ ಮಗಾ?" ಅಂತ ಕೇಳಿದರು. ಅವರು ಲೋಟ ತಿರುಗಿಸುತ್ತ, "ಬಾಗಿಲು ಹಸಿರು" ಅಂದರು. ಚಹಾ ಮುಗಿಸಿ, ಒಳಗಿನ ಗೋಡೆ ತಮ್ಮ ಕಣ್ಣಿಗೆ ಬಿದ್ದಿಲ್ಲ ಅಂತ ಹೇಳಿ ಹೊರಟುಹೋದರು. ಮತ್ತೆ ಬಂದಿಲ್ಲ.

ಮೊದಲ ದಿನ ಅತ್ತೆ ಆ ಕೋಣೆಯಲ್ಲಿ ಮಲಗಿ ಎದ್ದು, ಮಂಚದ ಮೇಲೆ ಕೂತು, "ಹಸಿವಾಗ್ತಿದೆ" ಅಂದರು. ನಾನು ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತುಬಿಟ್ಟೆ, ಆಮೇಲೆ ರೊಟ್ಟಿ ಬೇಯಿಸಿದೆ. ಎಲ್ಲ ಸರಿಹೋಯಿತು ಅಂತ ನಾನು ಬರೆಯುವುದಿಲ್ಲ. ಈಗಲೂ ಕೆಲವು ದಿನ ಸುಮ್ಮನಿರುತ್ತಾರೆ, ಕರೆದರೆ ದೂರದಿಂದ ಬಂದವರಂತೆ ತಿರುಗುತ್ತಾರೆ. ಆದರೆ ಹೊಸಿಲು ದಾಟುತ್ತಾರೆ. ಹಬ್ಬಕ್ಕೆ ಮುಂಚೆ ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಮಣ್ಣು ಕೇಳಿದರು. ಒಬ್ಬಳಿಗೆ ಕೆಮ್ಮಣ್ಣು, ಇನ್ನೊಬ್ಬಳಿಗೆ ಬಿಳಿ. ಮಗುವನ್ನು ಕಳೆದುಕೊಂಡ ಎದುರುಮನೆ ಫದೀಲಾ ತನಗೆ ಯಾವ ಬಣ್ಣವೂ ಬೇಡ ಅಂದಳು. ಅತ್ತೆ ಒತ್ತಾಯ ಮಾಡಲಿಲ್ಲ. ಅವಳ ಕಿಟಕಿಯ ಸುತ್ತ ಮಾತ್ರ ಒಂದು ಬೆರಳಗಲ ಹಳದಿ ಎಳೆದು, "ಬೇಕಾದಾಗ ಅಗಲ ಮಾಡ್ಕೊ" ಅಂತ ಹೇಳಿ ಬಂದರು. ಮೊನ್ನೆ ನೋಡಿದೆ, ಅದು ಎರಡು ಬೆರಳಗಲ ಆಗಿದೆ.

ಅತ್ತೆ ಈ ಸಲ ನಿಮಗೆ ಮಾತು ಹೇಳಿ ಬರೆಸಿದ್ದಾರೆ. ಹಾಗೇ ಬರೆಯುತ್ತೇನೆ: "ಶಾಜಲಿ, ಮಗನೆ, ದೇವರು ನಿನ್ನ ಕೈಯ ರುಚಿ ಕಾಯಲಿ. ಬೆಚ್ಚಗಿರು. ನಿನ್ನ ಹೆಂಡ್ತಿ ನನ್ನನ್ನ ಎತ್ಕೊಂಡ್ಲು, ನಿನಗೂ ಅಷ್ಟು ಶಕ್ತಿ ಇಲ್ಲ." ಆಮೇಲೆ ಬಹಳ ಹೊತ್ತು ನಕ್ಕರು. ಸಕೀನಾ, ಫದೀಲಾ, ಬೀದಿಯವರೆಲ್ಲ ಸಲಾಮು ಹೇಳಿದ್ದಾರೆ. ಬತೂಲ್ ನಿಮ್ಮ ಗಡ್ಡಕ್ಕೆ ಮುತ್ತು ಕಳಿಸಿದ್ದಾಳೆ. ನೀವು ನಿಂತ ನೆಲ ನಿಮಗೆ ಒಳ್ಳೆಯದನ್ನೇ ಮಾಡಲಿ.

ನಿಮ್ಮವಳು,
ನಬ್ರಾ

ಬರೆಯಲು ಮರೆತದ್ದು, ಮರೆತದ್ದೇನಲ್ಲ, ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮನೆಯೆಲ್ಲ ಆಯಿತು, ನಮ್ಮಿಬ್ಬರ ಕೋಣೆ ಮಾತ್ರ ಇನ್ನೂ ಬೂದಿಯಾಗಿಯೇ ಇದೆ. ಮಣ್ಣು ಸಾಲದೆ ಅಲ್ಲ. ಎಷ್ಟೋ ಸಲ ಕುಂಚ ಹಿಡಿದು ಒಳಗೆ ಹೋಗಿ ನಿಂತೆ. ಒಬ್ಬಳಿಗೇ ಅಂತ ಬಣ್ಣ ಆರಿಸಲು ನನ್ನಿಂದ ಆಗಲಿಲ್ಲ. ರಜೆ ಕೇಳಿ. ಕೊಡದಿದ್ದರೂ ಬನ್ನಿ.