ಹದಿನೇಳನೆಯ ಬಾತುಕೋಳಿ

ಕಾಮೋಠೆ
೨೩ ಮಾರ್ಚ್ ೨೦೨೫

ಸೌಭಾಗ್ಯವತಿ ಪದ್ಮಾವತಿಗೆ,

ಆಶೀರ್ವಾದಗಳು. ನಾನು ಕ್ಷೇಮ. ವಿಜಯಪುರದಲ್ಲಿ ನೀನೂ ನಿನ್ನ ಅಣ್ಣನ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ನೀನು ನಾಲ್ಕು ಬಾರಿ ಫೋನ್ ಮಾಡಿದರೂ ನಾನು ಎತ್ತಲಿಲ್ಲ, ತಪ್ಪಾಯಿತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಢಾಲುಗಳನ್ನು ಗೆದ್ದು ತಂದ ನಾಲಿಗೆ ಈಗ ಒಂದು ವಾಕ್ಯವನ್ನೂ ಮುಗಿಸದು. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಶ್ರೀವಾಣಿ ಸಮುದ್ರದ ಖಾಡಿಯ ನೀರಿನಲ್ಲಿ ಮುಳುಗಿ ತೀರಿಕೊಂಡ ಮೂರು ತಿಂಗಳಿಗೆ ಅವಳ ಕೆಲಸ ಕೊನೆಮುಟ್ಟಿದೆ. ಪನವೇಲ್ ಖಾಡಿಯ ಕಾಡು ಬಾತುಕೋಳಿಗಳಿಂದಲೂ ಟಿಟ್ವಾಳಾದ ಸಾಕು ಬಾತುಕೋಳಿಗಳಿಂದಲೂ ಅವಳು ತೆಗೆದಿದ್ದ ರಕ್ತದ ಜೀನೋಮ್ ಸೀಕ್ವೆನ್ಸಿಂಗ್ ಮುಗಿಯಿತು. "ಮನುಷ್ಯಾ ಸಾಕಿದ ಮ್ಯಾಲೆ ಅವುಗಳ ಒಳಗ ಏನೇನು ಬದಲಾತು ಅಂತ ಅಕ್ಷರ ಅಕ್ಷರ ಓದೋದರೀ ಅಪ್ಪಾ" ಎನ್ನುತ್ತಿದ್ದಳು.

ಅವಳ ಸಹೋದ್ಯೋಗಿ ಮಾನಸಿ ಕಳೆದ ತಿಂಗಳು ಬಂದು ಹೇಳಿದ್ದನ್ನು ನೀನು ಬಲ್ಲೆ. "ಕಾಕಾ, ಹದಿನೇಳ್ ನಂಬರ್ ಸ್ಯಾಂಪಲ್‌ನಲ್ಲಿ ಬಾತುಕೋಳಿ ಜೊತೆ ಮನುಷ್ಯರ ಡಿಎನ್‌ಎ ಬಂದಿದೆ. ಗ್ಲೋವ್ಸ್ ಇಲ್ದೆ ಯಾರೋ ಮುಟ್ಟಿದಾರೆ. ಇಂಥದ್ದು ಡಿಲೀಟ್ ಮಾಡ್ತೀವಿ. ಲೇಕಿನ್ ವಾಣೀದೇ ಇದ್ರೆ? ನಿಮಗೆ ಕೇಳ್ದೆ ಕೈ ಬರಲ್ಲ."

ನೀನು ಫೋನಿನಲ್ಲಿ ಅಳುತ್ತ ಹೇಳಿದೆ: "ಅಳಸಬ್ಯಾಡ ಅನ್ರೀ. ಸುಟ್ಟ ಮ್ಯಾಲೂ ನನ್ನ ಕೂಸು ಅಷ್ಟರೆ ಉಳದದ."

ತಂದೆಯದರೊಡನೆ ಹೋಲಿಸಿ ಖಚಿತಪಡಿಸಿಕೊಳ್ಳಲೆಂದು ಮಾನಸಿ ನನ್ನ ಕೆನ್ನೆಯ ಒಳಬದಿಯನ್ನು ಹತ್ತಿಯಿಂದ ಒರೆಸಿ ಒಯ್ದಳು.

ಅದರ ಮರುದಿನವೇ ನಮ್ಮ ಕಟ್ಟಡದ ಹಿಂದೆ, ಅರ್ಧಕ್ಕೆ ನಿಂತ ಪಾಯದ ನೀರಿಗೆ ಒಂದು ಕಾಡು ಬಾತುಕೋಳಿ ಬಂದಿತು. ಗ್ಯಾಲರಿಯ ಕಂಬಿಗಳ ಬಳಿ ನಿಂತು ವಾಣಿಯ ದುರ್ಬೀನಿನಲ್ಲಿ ನೋಡಿದೆ. ರಕ್ತ ತೆಗೆದಾಗ ವಾಣಿ ಅದರ ಕಾಲಿಗೆ ತೊಡಿಸಿದ್ದ ಗುರುತಿನ ಬಳೆಯ ಮೇಲೆ ಹದಿನೇಳು ಎಂದಿತ್ತು. ಅದು ಈಜುವುದಿಲ್ಲ, ಮೇಯುವುದಿಲ್ಲ. ವಾಚ್‌ಮನ್ ಅಂಬಾರಾಯ ಕೇಳಿದ: "ಸಾಹೇಬ್ರ, ಅದು ನಿಮ್ಮ ಗ್ಯಾಲರೀನೇ ನೋಡ್ತದಲ್ರಿ. ಏನರೆ ಹಾಕ್ತೀರೇನು?" ಏನೂ ಹಾಕಿಲ್ಲವೆಂದೆ. ಅವನು ಕಲ್ಲೆಸೆದ. ಕಲ್ಲು ಪಕ್ಕದಲ್ಲೇ ಬಿದ್ದರೂ ಹಕ್ಕಿ ಕದಲಲಿಲ್ಲ.

ಆಧಾರವಿಲ್ಲದ ಮಾತನ್ನು ನಾನು ಒಪ್ಪುವವನಲ್ಲ. ಆದರೂ ಒಂದು ಮಧ್ಯಾಹ್ನ ಗ್ಯಾಲರಿಯಲ್ಲಿ ನಿಂತು "ವಾಣೀ" ಎಂದು ಮೆಲ್ಲಗೆ ಕರೆದೆ. ನಾಲ್ಕು ಮಹಡಿಗಳ ಕೆಳಗೆ ಅದಕ್ಕೆ ಕೇಳಿಸುವ ಮಾತಲ್ಲ. ಅದು ಕತ್ತೆತ್ತಿ, ಒಂದೇ ಕಣ್ಣಿನಿಂದ ನನ್ನನ್ನು ನೋಡಿತು. ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಗುರುವಾರ ಬೇಲಾಪುರದ ಲ್ಯಾಬಿಗೆ ಹೋದೆ. ಮಾನಸಿ ಪರದೆಯನ್ನು ನನ್ನತ್ತ ತಿರುಗಿಸಿದಳು. ಬಾತುಕೋಳಿಯದೆಲ್ಲ ಒಂದು ಕಡೆ. ಮನುಷ್ಯನದೊಂದು ಸಣ್ಣ ಗುಡ್ಡೆ, ಬೇರೆ. "ಕಾಕಾ, ಇದು ವಾಣೀದಲ್ಲ. ಗಂಡಸರದು" ಎಂದಳು. ಆಮೇಲೆ ಇನ್ನೂ ಒಂದು ಮಾತು ಹೇಳಿ ತಲೆ ತಗ್ಗಿಸಿದಳು. ಅಳಿಸಿರೆಂದು ಸಹಿ ಹಾಕಿ ಬಂದೆ.

ನಿನ್ನ ಮಾತು ಮೀರಿದ್ದಕ್ಕೆ ಕ್ಷಮೆಯಿರಲಿ. ಮಗಳದೇನೂ ಅಲ್ಲಿ ಇರಲಿಲ್ಲ, ಪದ್ಮಾ. ಹಕ್ಕಿ ಇಂದೂ ಕುಳಿತಿದೆ.

ಗುಳಿಗೆ ತಪ್ಪಿಸಬೇಡ. ನಿನಗೆ ತಾಳುವ ಶಕ್ತಿಯನ್ನೂ, ಕೆಳಗಿನದನ್ನು ಓದುವ ಧೈರ್ಯವನ್ನೂ ರಾಯರು ಕರುಣಿಸಲಿ.

ಇಂತು,
ಲಕ್ಷ್ಮೀಕಾಂತ

ತಾ.ಕ.: ಆ ಗಂಡಸು ನಾನು. ಡಿಸೆಂಬರಿನಲ್ಲಿ ನನ್ನ ತಂದೆಯ ಶ್ರಾದ್ಧದ ದಿನ ನೀನು ಮಡಿಯಲ್ಲಿ ಅಡಿಗೆಗೆ ನಿಂತಿದ್ದೆ. ಪಿತೃಕಾರ್ಯದ ಮೊಸರಿನ ಪಕ್ಕದಲ್ಲಿ ರಕ್ತವೇ ಎಂದು, ಫ್ರಿಜ್ಜಿನಲ್ಲಿದ್ದ ಅವಳ ರಕ್ತದ ನಳಿಕೆಗಳ ಡಬ್ಬಿಯನ್ನು ಯಾರಿಗೂ ತಿಳಿಸದೆ ಗ್ಯಾಲರಿಗೆ ಒಯ್ದಿಟ್ಟೆ. ಒಂದು ನಳಿಕೆಯ ಮುಚ್ಚಳ ಕಳಚಿತು. ಪವಿತ್ರ ಕಟ್ಟುವಾಗ ದರ್ಭೆ ಕುಯ್ದು ರಕ್ತ ಒಸರುತ್ತಿದ್ದ ಬೆರಳಿನಿಂದಲೇ ಒತ್ತಿ ಮುಚ್ಚಿದೆ. ಸಂಜೆ ಮರಳಿ ಫ್ರಿಜ್ಜಿನಲ್ಲಿಟ್ಟೆ. ವಾಣಿ ಬಂದು ಡಬ್ಬಿ ತೆರೆದು, "ಅಪ್ಪಾ, ಇದನ್ನ ಮುಟ್ಟಿದ್ರೇನ್ರೀ?" ಎಂದು ಕೇಳಿದಳು. ಇಲ್ಲವೆಂದೆ. ಅವಳು ನನ್ನ ಬೆರಳಿನ ಪಟ್ಟಿಯನ್ನು ನೋಡಿ ಡಬ್ಬಿ ಮುಚ್ಚಿದಳು. ಮರುದಿನ ಬೆಳಿಗ್ಗೆ, ಕಡಲ ನೀರೇರುವ ಭರತದ ಹೊತ್ತಿನಲ್ಲಿ, ಅವಳು ಖಾಡಿಗೆ ಇಳಿದದ್ದು ಹದಿನೇಳನೆಯದರ ರಕ್ತವನ್ನು ಮತ್ತೊಮ್ಮೆ ತರಲೆಂದು.